ಕೊಸರು ಇದ್ದ ಹುಡುಗರು

ನನ್ನ ಮಗಳು ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದುದು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ. ಜನವರಿಯಲ್ಲಿ ಶುರುವಾಗಿ ಏಪ್ರಿಲ್ ಕೊನೆಗೆ ಮುಗಿದುಹೋಗುತ್ತಿತ್ತು. ಅದೂ ಒಂದೇ ವಿಷಯದ ಬಗ್ಗೆ. ಕಾಲೇಜು ಫುಟ್‌ಬಾಲ್ ಆಡುವ ರನ್ನಿಂಗ್ ಬ್ಯಾಕ್ ಹುಡುಗರಲ್ಲಿ ಯಾರು ಮುಂದೆ ದೊಡ್ಡ ತಂಡಕ್ಕೆ ಲಾಯಕ್ಕು, ಯಾರು ಅಲ್ಲ ಎನ್ನುವುದು ಆ ವಿಷಯ. ಮಿಕ್ಕ ತಿಂಗಳೆಲ್ಲ ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅಮೆರಿಕದ ಈ ಹಿಲ್ಸ್‌ಬರೋದಲ್ಲಿ ನಮಗೆ ಗೊತ್ತಿರುವ ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆ, ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ಕೆಡಿಸಿಕೊಂಡೆ. ನನ್ನ ಸ್ವಭಾವವೇ ಹಾಗೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಇಲ್ಲಿಯ ಫುಟ್‌ಬಾಲಿನಲ್ಲಿ ಕಾಲಿಗೆ ಬೇಕಾದಷ್ಟು ಕೆಲಸ ಇದೆ, ಆದರೆ ಚೆಂಡನ್ನು ಒದೆಯುವುದು ಅಪರೂಪ. ಮೊಟ್ಟೆಯಾಕಾರದ ಆ ಚೆಂಡನ್ನು ಒಬ್ಬನ ಕೈಗೆ ಕೊಡುತ್ತಾರೆ. ಅವನು ಅದನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಿಗೆ ಬೀರುಗಳ ಹಾಗೆ ನಿಂತಿರುವ ಗಂಡಸರ ಮಧ್ಯೆ ಜಾಗ ಹುಡುಕಿಕೊಂಡು ಓಡಬೇಕು. ಅವನೇ ರನ್ನಿಂಗ್ ಬ್ಯಾಕ್. ಪ್ರತಿ ವರ್ಷ ಏಪ್ರಿಲ್ ಕೊನೆಗೆ ವೃತ್ತಿಪರ ತಂಡಗಳು ಸರದಿಯ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಒಬ್ಬೊಬ್ಬ ಹುಡುಗನ ಎತ್ತರ, ತೂಕ, ಓಟ, ಅಂಗೈ ಅಗಲ, ಹಳೆಯ ಪೆಟ್ಟು, ನಡತೆ, ಎಲ್ಲವನ್ನೂ ಅಳೆದು ತೂಗುತ್ತಾರೆ. ನನ್ನ ಹೆಂಡತಿ ಇದನ್ನೆಲ್ಲ ಮೊದಲ ಸಲ ಟಿವಿಯಲ್ಲಿ ನೋಡಿದಾಗ, ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರವೇ ಇದಕ್ಕಿಂತ ಮರ್ಯಾದೆಯಾಗಿ ನಡೆಯುತ್ತದೆ ಎಂದಳು.

ನನಗೂ ಈ ಆಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾನು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಮಾತ್ರೆಗಳು ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತವೆ ಎಂದು ನೋಡುತ್ತ ಕೂರುವುದು ನನ್ನ ಉದ್ಯೋಗ. ಮನೆಗೆ ಬಂದರೆ ಮಗಳ ಇಂಗ್ಲಿಷು, ಅದನ್ನು ಕೇಳಿ ನನಗೆ ಏರುವ ಸಿಟ್ಟು. ಭಾನುವಾರದ ಕನ್ನಡ ಕ್ಲಾಸಿಗೆ ಹಾಕಿದ್ದೆ. ಅಲ್ಲಿ ಅ ಆ ಇ ಈ ಬರೆದಳು, ಒಂದು ಪದ್ಯ ಬಾಯಿಪಾಠ ಮಾಡಿ ಯುಗಾದಿ ಕಾರ್ಯಕ್ರಮದಲ್ಲಿ ಒಪ್ಪಿಸಿದಳು, ಆಮೇಲೆ ಬರುವುದಿಲ್ಲ ಎಂದು ಕಾರಿನಲ್ಲೇ ಕೂತುಬಿಟ್ಟಳು. ನಾನು ಕೂಗಾಡಿದೆ. ನನ್ನ ಹೆಂಡತಿ, ಬಲವಂತ ಮಾಡಿದರೆ ಇರುವುದೂ ಹೋಗುತ್ತೆ ಬಿಡಿ ಎಂದಳು. ಬಿಟ್ಟೆ.

ಅದಾದ ಮೇಲಿನ ಚಳಿಗಾಲ. ಅವಳಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಳು. ಹೊರಗೆ ಸ್ನೋ ಸುರಿದು ನಿಂತಿತ್ತು. ನಾನು ಡ್ರೈವ್‌ವೇ ಮೇಲಿನ ಸ್ನೋ ಸಲಿಕೆಯಲ್ಲಿ ಎತ್ತಿಹಾಕಿ ಸೊಂಟ ಹಿಡಿದುಕೊಂಡು ಒಳಗೆ ಬಂದರೆ ಇವಳು ಹೋಮ್‌ವರ್ಕ್ ಬಿಟ್ಟು ಸೋಫಾದ ಮೇಲೆ ಕಾಲು ಮಡಚಿ ಕೂತು ಟಿವಿ ನೋಡುತ್ತಿದ್ದಾಳೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಟಿವಿಯಲ್ಲಿ ಒಬ್ಬ ಹುಡುಗ ಚೆಂಡು ಹಿಡಿದು ಓಡಿದ. ಇಬ್ಬರು ಅವನ ಸೊಂಟಕ್ಕೆ ಕೈಹಾಕಿದರು, ಇನ್ನೊಬ್ಬ ಅಂಗಿ ಹಿಡಿದು ಜಗ್ಗಿದ. ಅವನು ಭುಜ ಒದರಿ, ಮೈ ತಿರುಚಿ, ಮೂವರನ್ನೂ ಬಿಡಿಸಿಕೊಂಡು ಇನ್ನಷ್ಟು ದೂರ ಹೋಗಿ ಬಿದ್ದ.

"ಕೊಸರಿಕೊಂಡ ನೋಡೇ" ಎಂದುಬಿಟ್ಟೆ.

ಅವಳು ತಿರುಗಿ, ಕೊಸರಿಕೊಂಡ ಅಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಒಂದು ಕನ್ನಡ ಪದದ ಅರ್ಥವನ್ನು ಅವಳು ತಾನಾಗಿ ಕೇಳಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು. ನಾನು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡಿಸಿಕೋ ಎಂದೆ. ಅವಳು ಜಾಡಿಸಿ ಎಳೆದುಕೊಂಡಳು. ಅದೇ ಕೊಸರಿಕೊಳ್ಳೋದು ಎಂದೆ. ಇನ್ನೊಂದು ಕೊಸರೂ ಇದೆ, ಅದು ನಿನ್ನ ಅಜ್ಜಿಯದು ಎಂದೂ ಹೇಳಿದೆ. ಮೈಸೂರಿನ ಮಾರ್ಕೆಟ್ಟಿನಲ್ಲಿ ನನ್ನ ಅಮ್ಮ ಹುರುಳಿಕಾಯಿ ತೂಗಿಸಿದ ಮೇಲೆ ಚೀಲ ತೆರೆದುಕೊಂಡು ನಿಂತೇ ಇರುತ್ತಿದ್ದಳು. ತರಕಾರಿಯವನು ಗೊಣಗಿಕೊಂಡು ಮೇಲೊಂದು ಹಿಡಿ ಹಾಕುವವರೆಗೆ ಕದಲುತ್ತಿರಲಿಲ್ಲ. ತೂಕದ ಮೇಲೆ ಬೀಳುವ ಆ ಹಿಡಿಗೂ ಕೊಸರು ಅಂತಲೇ ಹೆಸರು.

ಅವಳು ಹಾಗಾದರೆ ಎರಡೂ ಒಂದೇ ಎಂದಳು. ಈ ಆಟದಲ್ಲಿ ಮೊದಲನೆಯವನು ಬಂದು ಗುದ್ದುವ ತನಕ ಎಷ್ಟು ದೂರ ಓಡಿದ, ಗುದ್ದಿದ ಮೇಲೆ ಎಷ್ಟು ಓಡಿದ ಎಂದು ಬೇರೆ ಬೇರೆ ಲೆಕ್ಕ ಇಡುತ್ತಾರಂತೆ. ಗುದ್ದುವ ತನಕದ್ದು ಮುಂದೆ ನಿಂತು ದಾರಿ ಮಾಡಿಕೊಟ್ಟವರ ಪುಣ್ಯ. ಆಮೇಲಿನದು ಅವನ ಸ್ವಂತದ್ದು. ಬಿಡಿಸಿಕೊಂಡರೆ ತಾನೇ ಮೇಲೆ ಸಿಗುವುದು ಎಂದು ಅವಳು ವಿವರಿಸುತ್ತಿದ್ದಾಗ ನನಗೆ ಕೈಯಲ್ಲಿದ್ದ ಒದ್ದೆ ಗ್ಲೋವ್ಸ್ ತೆಗೆಯುವುದೂ ಮರೆತುಹೋಗಿತ್ತು. ನಾನು ಹುಟ್ಟಿದಾಗಿನಿಂದ ಎರಡು ಕಡೆ ಬಳಸಿದ ಪದವನ್ನು ಅವಳು ಒಂದು ನಿಮಿಷದಲ್ಲಿ ಜೋಡಿಸಿಬಿಟ್ಟಿದ್ದಳು. ಅವಳ ಪಕ್ಕದಲ್ಲಿ ಕೂತೆ. ಹೋಮ್‌ವರ್ಕಿನ ಮಾತು ಎತ್ತಲೇ ಇಲ್ಲ.

ಅಲ್ಲಿಂದ ಪ್ರತಿ ವರ್ಷ ಜನವರಿ ಬಂದರೆ ನಮ್ಮ ಸೋಫಾದ ಕೆಲಸ ಶುರು. ಕಾಲೇಜು ಪಂದ್ಯಗಳು ಮುಗಿದಿರುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಒಬ್ಬೊಬ್ಬ ಹುಡುಗನ ಓಟಗಳನ್ನು ಹಾಕಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ನೋಡುವುದು. ಚೆಂಡನ್ನು ನೋಡಬೇಡ, ಪಾದ ನೋಡು ಎಂದು ಅವಳು ನನಗೆ ಕಲಿಸಿದಳು. ನಾನು ಅವಳಿಗೆ ಪದಗಳನ್ನು ಕೊಟ್ಟೆ. ಜಾಗ ಕಂಡರೂ ಹೋಗದೆ ಅತ್ತಿತ್ತ ಕಾಲು ಹಾಕುವವನು ಹೊಯ್ದಾಡುತ್ತಾನೆ. ಜಾಗ ಇಲ್ಲದ ಕಡೆ ಭುಜ ಓರೆ ಮಾಡಿ ತೂರಿಹೋಗುವವನು ನುಸುಳುತ್ತಾನೆ. ಆ ಳಕಾರ ಅವಳಿಗೆ ಮೊದಮೊದಲು ಹೊರಡುತ್ತಿರಲಿಲ್ಲ. ನಾಲಿಗೆ ಮಡಿಚು, ಮೇಲಕ್ಕೆ ತಗುಲಿಸು ಎಂದು ಕನ್ನಡ ಕ್ಲಾಸಿನಲ್ಲಿ ಹೇಳಿಕೊಟ್ಟಾಗ ಮುಖ ತಿರುಗಿಸಿದ್ದವಳು ಇಲ್ಲಿ ತಾನಾಗಿಯೇ ನುಸುಳು ನುಸುಳು ಎಂದು ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತುತ್ತಿದ್ದಳು. ಒಂದು ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅಜ್ಜಿ ಮಂಡಿ ಸವೆದಿದೆ ಕಣೇ ಎಂದು ಕಾಲು ನೀವಿಕೊಂಡದ್ದನ್ನು ಕೇಳಿಕೊಂಡು ಬಂದು, ಕಾಲೇಜಿನಲ್ಲೇ ಮಿತಿಮೀರಿ ಓಡಿಸಿ ದಣಿಸಿದ್ದ ಹುಡುಗರಿಗೆಲ್ಲ ಆ ಪದ ಹಚ್ಚಿದಳು. ಇನ್ನೂ ಆಗತಾನೆ ಇಪ್ಪತ್ತು ದಾಟಿದ ಹುಡುಗರು. ಇವನು ಸವೆದಿದಾನೆ ಅಪ್ಪ, ಬೇಡ ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು.

ಅವಳ ಮೊದಲ ಪೂರ್ತಿ ವಾಕ್ಯ ನನಗೆ ಇವತ್ತೂ ಕಿವಿಯಲ್ಲಿದೆ. "ಇವ್ನು ಹೊಯ್ದಾಡ್ತಾನೆ ಅಪ್ಪ, ನಂಗೆ ಬೇಡ." ಒಂದೂ ಇಂಗ್ಲಿಷ್ ಪದವಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಹುಡುಗ ಯಾರು, ಯಾವ ಕಾಲೇಜಿನವನು ಎನ್ನುವುದು ತಲೆಗೆ ಹೋಗಲೇ ಇಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆ ಹಾಕುತ್ತ, ಪಾಪ ಆ ಹುಡುಗ ಇವಳಿಗೆ ಬೇಡವಾದನಲ್ಲ ಎಂದಳು.

ಒಂದು ವರ್ಷ ಒಬ್ಬ ಹುಡುಗನ ಮೇಲೆ ನಮ್ಮಿಬ್ಬರಿಗೂ ಜಗಳ ಬಿತ್ತು. ಕುಳ್ಳ. ಓಟದ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದ. ಟಿವಿಯಲ್ಲಿ ಮಾತಾಡುವವರು ಅವನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ನಾನು ಅವನು ಸವೆದಿದ್ದಾನೆ ಎಂದೆ. ಸಣ್ಣ ಕಾಲೇಜು, ಬೇರೆ ಓಡುವವರಿಲ್ಲ, ಚೆಂಡನ್ನೆಲ್ಲ ಅವನ ಕೈಗೇ ಕೊಟ್ಟು ಹಿಂಡಿಹಾಕಿದ್ದಾರೆ. ಅವಳು ಒಪ್ಪಲಿಲ್ಲ. ಅವನ ಕೊಸರು ನೋಡು ಅಪ್ಪ ಎಂದು ಒಂದೇ ಓಟವನ್ನು ಮತ್ತೆ ಮತ್ತೆ ಹಾಕಿ ತೋರಿಸಿದಳು. ಬಿದ್ದ ಮೇಲೆ ಅವನು ತನಗೆ ದಾರಿ ಮಾಡಿಕೊಟ್ಟವರನ್ನು ಕೈಹಿಡಿದು ಎಬ್ಬಿಸುವುದನ್ನು ನನ್ನ ಹೆಂಡತಿ ಗಮನಿಸಿ ಮಗಳ ಕಡೆ ಸೇರಿಕೊಂಡಳು. ಸೋತವರು ಐಸೆಲಿನ್ನಿನ ಓಕ್ ಟ್ರೀ ರೋಡಿನಲ್ಲಿರುವ ನಮ್ಮ ಕಡೆಯ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಬೇಕು ಎಂದು ಪಂಥವಾಯಿತು.

ಡ್ರಾಫ್ಟಿನ ಕೊನೆಯ ದಿನ ಶನಿವಾರ ಮಧ್ಯಾಹ್ನ. ಕೊನೆಕೊನೆಯ ಸುತ್ತುಗಳನ್ನು ನಮ್ಮಂಥ ತಲೆಕೆಟ್ಟವರು ಬಿಟ್ಟರೆ ಯಾರೂ ನೋಡುವುದಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಅವನ ಹೆಸರು ಬಂತು. ಮಗಳು ಸೋಫಾದ ಮೇಲೆ ಎದ್ದು ನಿಂತು, ಹೇಳಿರ್ಲಿಲ್ವಾ ಅಪ್ಪ, ಹೇಳಿರ್ಲಿಲ್ವಾ ಎಂದು ಕುಣಿದಳು. ಟಿವಿಯಲ್ಲಿ ಆ ಹುಡುಗ ಅವನ ತಾಯಿಯ ತೋಳಿನಲ್ಲಿ ಮುಖ ಹುದುಗಿಸಿಕೊಂಡು ಅಳುತ್ತಿದ್ದ. ನನಗೂ ಕಣ್ಣು ತುಂಬಿತು, ಆದರೆ ಅವನಿಗಾಗಿ ಅಲ್ಲ. ಸೋತಿದ್ದಕ್ಕೆ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ. ದೋಸೆ ತಿನ್ನುವಾಗಲೂ ಅವಳು ಆ ಹುಡುಗನ ಬಗ್ಗೆಯೇ ಮಾತಾಡಿದಳು, ಕನ್ನಡದಲ್ಲೇ. ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ಒಬ್ಬರು ಆಂಟಿ, ನಿಮ್ಮ ಮಗಳು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾಳೆ ಎಂದು ಮೆಚ್ಚಿಕೊಂಡು ಅವಳನ್ನು ಯಾವ ಗ್ರೇಡ್ ಎಂದು ಕನ್ನಡದಲ್ಲೇ ಕೇಳಿದರು. ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.

ಕಾಲೇಜಿಗೆ ಹೋದ ಮೇಲೂ ನಮ್ಮ ಕೆಲಸ ನಿಲ್ಲಲಿಲ್ಲ, ಫೋನಿಗೆ ಬಂತು. ಅವಳು ಸ್ಟ್ಯಾಟಿಸ್ಟಿಕ್ಸ್ ಓದಿದಳು. ಓದುತ್ತಲೇ ಅಲ್ಲಿಯ ಫುಟ್‌ಬಾಲ್ ತಂಡದ ಆಫೀಸಿನಲ್ಲಿ ವಿಡಿಯೋ ಕತ್ತರಿಸುವ ಕೆಲಸಕ್ಕೆ ಸೇರಿಕೊಂಡಳು. ಓದು ಮುಗಿದ ಒಂದೆರಡು ವರ್ಷಕ್ಕೆ ಒಂದು ವೃತ್ತಿಪರ ತಂಡ ಅವಳನ್ನು ಕರೆಯಿತು. ಹುಡುಗರನ್ನು ನೋಡಿ ವರದಿ ಮಾಡುವ ಕೆಲಸ, ಸ್ಕೌಟಿಂಗ್. ನಮ್ಮ ಪೈಕಿ ಮಕ್ಕಳು ಡಾಕ್ಟರಾಗುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ. ನನ್ನ ಮಗಳು ರನ್ನಿಂಗ್ ಬ್ಯಾಕುಗಳ ಕಾಲು ನೋಡಲು ಹೋದಳು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೆ. ಹೆಂಡತಿ ಕೈಯಲ್ಲಿ ಮೈಸೂರು ಪಾಕ್ ಮಾಡಿಸಿ ಲ್ಯಾಬಿಗೆ ತೆಗೆದುಕೊಂಡು ಹೋದೆ. ಮಾತ್ರೆ ಕರಗಿಸುತ್ತಿದ್ದ ಎಲ್ಲರೂ ತಿಂದರು.

ಅವಳು ವಿಮಾನದಲ್ಲಿ ಹೋಗಿಬರುವಷ್ಟು ದೂರದ ಊರಿಗೆ ಹೋದಳು. ಜನವರಿ ಬಂತು. ನಾನು ಎಂದಿನಂತೆ ಸೋಫಾದ ಮೇಲೆ ಕೂತು ಆ ವರ್ಷದ ಹುಡುಗರನ್ನು ನೋಡಿದೆ. ಒಬ್ಬನ ಓಟ ನೋಡಿ ತಡೆಯಲಾಗದೆ ಫೋನ್ ಮಾಡಿದೆ. ಇವನನ್ನು ನೋಡಿದ್ಯಾ, ಎಂಥ ಕೊಸರು ಎಂದು ಶುರು ಮಾಡಿದೆ.

"ಅಪ್ಪ, ಐ ಕಾಂಟ್ ಟಾಕ್ ಅಬೌಟ್ ದೆಮ್ ಎನಿಮೋರ್" ಎಂದಳು. "ನಾಟ್ ಈವನ್ ವಿತ್ ಯು."

ತಮಾಷೆ ಎಂದುಕೊಂಡೆ. ತಮಾಷೆ ಅಲ್ಲವಂತೆ. ಯಾರನ್ನು ನೋಡುತ್ತಿದ್ದೇವೆ, ಯಾರ ಬಗ್ಗೆ ಏನು ಅಭಿಪ್ರಾಯ ಎನ್ನುವುದನ್ನು ತಂಡದವರು ಹೊರಗೆ ಯಾರಿಗೂ ಹೇಳುವಂತಿಲ್ಲ. ಬೇರೆ ತಂಡಗಳ ಕಿವಿಗೆ ಬಿದ್ದರೆ ಅವರು ಮುಂಚೆಯೇ ಆ ಹುಡುಗನನ್ನು ಹಾರಿಸಿಕೊಂಡು ಹೋಗುತ್ತಾರೆ. ಡ್ರಾಫ್ಟ್ ಮುಗಿದ ಮೇಲೂ ಹೇಳುವಂತಿಲ್ಲ, ಮುಂದಿನ ವರ್ಷಗಳಿಗೂ ಅದು ಸುಳಿವು ಕೊಡುತ್ತದಂತೆ. ಎಲ್ಲದಕ್ಕೂ ಸಹಿ ಹಾಕಿ ಕೆಲಸಕ್ಕೆ ಸೇರಿದ್ದಳು.

ನಾನೇನು ಪೇಪರಿಗೆ ಹಾಕುತ್ತೇನಾ ಎಂದೆ. ಆಮೇಲೆ, ನಮ್ಮವರೆಲ್ಲ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಡಾಕ್ಟರ ಎದುರಿಗೇ ಮಾಡುವ ಉಪಾಯವನ್ನು ಅವಳಿಗೂ ಹೇಳಿದೆ.

"ಕನ್ನಡದಲ್ಲಿ ಹೇಳು. ಯಾರಿಗೆ ಅರ್ಥ ಆಗುತ್ತೆ?"

ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಅದು ಹಾಗಲ್ಲ ಅಪ್ಪ ಎಂದು ಇಂಗ್ಲಿಷಿನಲ್ಲಿ ಹೇಳಿ, ಅಮ್ಮನಿಗೆ ಕೊಡು ಎಂದಳು. ಫೋನನ್ನು ಹೆಂಡತಿಯ ಕೈಗೆ ಕೊಟ್ಟು ನಾನು ಹೋಗಿ ಕಸದ ಡಬ್ಬಿಗಳನ್ನು ಬೀದಿಗೆ ಎಳೆದಿಟ್ಟು ಬಂದೆ, ಅವತ್ತು ಕಸದ ದಿನ ಅಲ್ಲದಿದ್ದರೂ.

ಯಾರನ್ನು ಬೈಯಲಿ? ಅವಳು ಮಾಡಿದ್ದು ಸರಿ. ತಂಡದವರು ಹೇಳುವುದೂ ಸರಿ. ನಾನೂ ಲ್ಯಾಬಿನ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟವನಲ್ಲ. ನನ್ನ ಮಗಳು ಇಷ್ಟಪಟ್ಟ ಕೆಲಸದಲ್ಲಿ ಬುದ್ಧಿವಂತಳಾದಳು, ಅದೇ ಬುದ್ಧಿ ನಮ್ಮ ಮಾತಿಗೆ ಬೀಗ ಹಾಕಿತು. ಬೈಯಲು ಯಾರೂ ಸಿಗದೆ ಇದ್ದಾಗ ಸಂಕಟ ಹೆಚ್ಚಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ವರ್ಷ.

ಹೋಗಲಿ, ಬೇರೆ ವಿಷಯ ಮಾತಾಡೋಣ ಎಂದರೆ ಬೇರೆ ವಿಷಯಕ್ಕೆ ನಮ್ಮಲ್ಲಿ ಕನ್ನಡ ಇರಲಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಹೆಚ್ಚು ಸಮಯ ಹಿಡಿಯಲಿಲ್ಲ. ಅಪಾರ್ಟ್‌ಮೆಂಟ್ ಹೇಗಿದೆ ಎಂದು ಕೇಳಿದರೆ ಇಟ್ಸ್ ನೈಸ್. ಊಟ ಏನು ಮಾಡಿದೆ ಎಂದರೆ ಜಸ್ಟ್ ಪಾಸ್ತಾ. ಒಂದು ಭಾನುವಾರ ಅವಳ ದನಿ ಬತ್ತಿಹೋಗಿತ್ತು. ಏನಾಯ್ತು ಪುಟ್ಟಿ ಎಂದೆ. ಅಯಾಮ್ ಫೈನ್, ಅಪ್ಪ. ಒಬ್ಬ ಹುಡುಗನ ಎಡಗಾಲು ಬಲಗಾಲಿಗಿಂತ ಎಷ್ಟು ನಿಧಾನ ಎಂದು ಹೇಳಲು ಅವಳಿಗೆ ಕನ್ನಡ ಇತ್ತು. ತನಗೆ ಬೇಸರವಾಗಿದೆ, ಒಂಟಿ ಅನ್ನಿಸುತ್ತಿದೆ ಎಂದು ಹೇಳಲು ಇರಲಿಲ್ಲ. ಇಂಗ್ಲಿಷಿನಲ್ಲಿ ಬೇಕಾದಷ್ಟು ಇತ್ತು, ಆದರೆ ಅದನ್ನು ಅವಳು ನನ್ನ ಹತ್ತಿರ ಖರ್ಚು ಮಾಡುತ್ತಿರಲಿಲ್ಲ, ಅಮ್ಮನ ಹತ್ತಿರ ಮಾಡುತ್ತಿದ್ದಳು. ನನ್ನ ಇಂಗ್ಲಿಷ್ ಲ್ಯಾಬಿಗೆ ಸಾಕು, ಅಂಥ ಮಾತಿಗೆ ಒದಗುವಂಥದ್ದಲ್ಲ.

ಇಲ್ಲಿಯ ನಮ್ಮ ಕನ್ನಡದವರು, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಒಂದು ಪಾಟ್‌ಲಕ್ಕಿನಲ್ಲಿ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, ಸಾರ್, ಈ ಸಲ ನಿಮ್ಮ ಮಗಳ ತಂಡ ಯಾರನ್ನ ತಗೊಳ್ಳತ್ತೆ, ಸ್ವಲ್ಪ ಹೇಳಿ ಎಂದರು. ನನಗೆ ಏನೂ ಗೊತ್ತಿಲ್ಲ, ಅವಳು ಹೇಳಲ್ಲ ಎಂದೆ. ಒಬ್ಬರು ನನ್ನ ಭುಜ ತಟ್ಟಿ, ಗುಟ್ಟು ಅಂದ್ರೆ ಹೀಗಿರಬೇಕು ಎಂದರು. ಮಿಕ್ಕವರು ತಲೆಯಾಡಿಸಿ ಬಿಸಿಬೇಳೆ ಬಾತಿನ ಕಡೆ ಹೋದರು. ನಾನು ಗುಟ್ಟು ಕಾಯುತ್ತಿದ್ದೇನೆಂದು ಅವರೆಲ್ಲ ತಿಳಿದರು. ನನ್ನ ಹತ್ತಿರ ಗುಟ್ಟಾದರೂ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದರೂ ಪ್ರತಿ ಜನವರಿ ನಾನು ಒಬ್ಬನೇ ನೋಡಿದೆ. ಯಾಕೆ ಎಂದು ಹೆಂಡತಿ ಕೇಳಿದಳು. ಅಭ್ಯಾಸ ಎಂದೆ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಅವಳೂ ಎಲ್ಲೋ ಕೂತು ಅದೇ ಹುಡುಗನ ಅದೇ ಓಟವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತಿರುತ್ತಾಳೆ ಎನ್ನುವುದೊಂದೇ ನನಗೆ ಉಳಿದಿತ್ತು. ಇವನು ನುಸುಳ್ತಾನೆ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಇವನಿಗೆ ಕೊಸರಿಲ್ಲ ಎನ್ನುತ್ತಿದ್ದೆ. ಯಾರ ಜೊತೆ ಮಾತಾಡ್ತಿದೀರಿ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದರೆ ಟಿವಿ ಜೊತೆ ಎಂದು ಹೇಳುತ್ತಿದ್ದೆ. ಆಮೇಲಾಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಅಷ್ಟರಲ್ಲಿ ನನ್ನ ಬಲಮಂಡಿ ಕೈಕೊಟ್ಟಿತು. ಸವೆದಿದೆ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ತಲೆ ತಾನಾಗಿ ಕನ್ನಡಕ್ಕೆ ಮಾಡಿಕೊಂಡಿತು. ಈ ವರ್ಷ ಜನವರಿಯಲ್ಲಿ ಹೊಸ ಮಂಡಿ ಹಾಕಿದರು. ಮಗಳಿಗೆ ಅದು ಉಸಿರು ಬಿಡಲೂ ಪುರಸೊತ್ತಿಲ್ಲದ ಕಾಲ. ಫೆಬ್ರವರಿ ಕೊನೆಗೆ ಎಲ್ಲ ಹುಡುಗರನ್ನೂ ಒಂದೇ ಕಡೆ ಸೇರಿಸಿ ಓಡಿಸಿ, ನೆಗೆಸಿ, ಅಳೆಯುತ್ತಾರೆ. ಅದಕ್ಕೆ ಮುಂಚೆ ಸಿಕ್ಕ ಕೆಲವೇ ದಿನಗಳ ಬಿಡುವಿನಲ್ಲಿ ಅವಳು ಮನೆಗೆ ಬಂದಳು. ಬೇಡ ಅಂದಿದ್ದೆ.

ಮಾರನೆಯ ದಿನ ಬೆಳಗ್ಗೆ ನಾನು ವಾಕರ್ ಹಿಡಿದುಕೊಂಡು ಹಾಲಿನಲ್ಲಿ ನಡೆಯುತ್ತಿದ್ದೆ. ಮಂಡಿಗೆ ವ್ಯಾಯಾಮ ಮಾಡಿಸಲು ಬರುವ ಥೆರಪಿಯವಳು ಹೇಳಿದ ಹಾಗೆ ಅಡುಗೆಮನೆ ಬಾಗಿಲಿನಿಂದ ಮುಂಬಾಗಿಲಿಗೆ, ಅಲ್ಲಿಂದ ವಾಪಸ್ಸು. ಮಗಳು ಸೋಫಾದ ಮೇಲೆ, ತನ್ನ ಹಳೆಯ ಮೂಲೆಯಲ್ಲಿ, ಕಾಲು ಮಡಚಿಕೊಂಡು ಕಾಫಿ ಕುಡಿಯುತ್ತ ಕೂತಿದ್ದಳು. ಅವಳು ನನ್ನ ಮುಖ ನೋಡುತ್ತಿಲ್ಲ, ಪಾದ ನೋಡುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಸೋಫಾಗೂ ಊಟದ ಟೇಬಲ್ಲಿಗೂ ಮಧ್ಯೆ ಸಂದಿ ಚಿಕ್ಕದು. ವಾಕರ್ ತಗುಲುತ್ತದೇನೋ ಎಂದು ನಾನು ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಹಾಕಿದೆ.

"ಹೊಯ್ದಾಡ್ತಿದೀಯ ಅಪ್ಪ" ಎಂದಳು. "ಜಾಗ ಇದೆ. ಹೋಗು."

ನಾನು ನಿಂತುಬಿಟ್ಟೆ. ಏನಂದೆ ಎಂದು ಕೇಳಿದೆ, ಕೇಳಿಸದೆ ಇದ್ದದ್ದಕ್ಕಲ್ಲ. ಅವಳು ಲೋಟ ಕೆಳಗಿಟ್ಟು ಇನ್ನೊಂದು ಸಲ ಹೇಳಿದಳು. ಮೊದಲ ಹೆಜ್ಜೆ ನಿಧಾನ ಎಂದಳು. ಬಲಗಾಲಿನ ಮೇಲೆ ಭಾರ ಹಾಕುತ್ತಿಲ್ಲ, ಹೆದರುತ್ತಿದ್ದೀಯ ಎಂದಳು. ಎಲ್ಲ ಕನ್ನಡದಲ್ಲೇ, ತೊಡಕಿಲ್ಲದೆ. ಇಷ್ಟು ವರ್ಷ ಅದು ಎಲ್ಲಿತ್ತೋ. ನನಗೆ ನಗು ಬಂತು. ಇದನ್ನೆಲ್ಲ ಹೇಳಬಹುದಾ, ನಿಮ್ಮ ತಂಡದವರು ಏನೂ ಅನ್ನಲ್ವಾ ಎಂದೆ.

"ನಿನ್ನ ಬಗ್ಗೆ ಮಾತಾಡ್ಬಹುದು" ಎಂದಳು. "ಯು ಆರ್ ನಾಟ್ ಆನ್ ಅವರ್ ಬೋರ್ಡ್."

ತಂಡದವರ ಕೋಣೆಯಲ್ಲಿ ಒಂದು ದೊಡ್ಡ ಬೋರ್ಡು ಇರುತ್ತದೆ. ಅವರಿಗೆ ಬೇಕಾಗಬಹುದಾದ ಹುಡುಗರ ಹೆಸರುಗಳೆಲ್ಲ ಅದರ ಮೇಲಿರುತ್ತವೆ. ಅಲ್ಲಿರುವವರ ಸುದ್ದಿ ಮಾತ್ರ ಬಾಯಿಬಿಡುವಂತಿಲ್ಲ. ಅವಳು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಯಾರಿಗೂ ಬೇಡದವನ ಬಗ್ಗೆ ಧಾರಾಳವಾಗಿ ಮಾತಾಡಬಹುದಲ್ಲವೇ.

ಅವತ್ತು ಥೆರಪಿಯವಳು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ನಡೆದೆ. ನಿಂತರೆ ಅವಳ ಮಾತು ನಿಲ್ಲುತ್ತದೆ ಎಂದು ನಡೆದೆ. ಮಂಡಿ ಉರಿಯುತ್ತಿತ್ತು. ಹೆಂಡತಿ ಬಂದು, ಸಾಕು ಮಾಡ್ರೀ, ಇವಳಿಗಾದ್ರೂ ಬುದ್ಧಿ ಬೇಡ್ವಾ ಎಂದು ಇಬ್ಬರನ್ನೂ ಬೈದಳು. ನಾನು ಕುರ್ಚಿಗೆ ಕೈ ಚಾಚುವಾಗ ವಾಕರ್ ಕಾಲಿಗೆ ಪ್ಯಾಂಟು ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲು ಹೋಗಿ ಜೋಲಿ ತಪ್ಪಿದೆ. ಮಗಳು ಓಡಿಬಂದು ಹಿಡಿದುಕೊಂಡಳು. ಹಿಡಿದುಕೊಂಡೇ ಕಿವಿಯ ಹತ್ತಿರ, ಕೋಸ್ರು ಇಲ್ಲ ಅಪ್ಪ ನಿಂಗೆ ಎಂದಳು.

ಕೋಸ್ರು. ಕೊ ದೀರ್ಘವಾಗಿತ್ತು, ಮಧ್ಯದ ಸ ಅರ್ಧವಾಗಿತ್ತು, ರ ನಾಲಿಗೆಯಲ್ಲಿ ಹೊರಳಿ ಅಮೆರಿಕದವರ ಬಾಯಿಯದಾಗಿತ್ತು. ಅದೇನು ಹಾಗೆ ಹೇಳುತ್ತೀ ಎಂದು ಕೇಳಿದೆ. ಅವಳಿಗೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ನಕ್ಕು ಹೇಳಿದಳು. ಒಂದು ಮೀಟಿಂಗಿನಲ್ಲಿ ಯಾವುದೋ ಹುಡುಗನ ಬಗ್ಗೆ ಹೇಳುವಾಗ ಆ ಪದ ಬಾಯಿತಪ್ಪಿ ಬಂದಿತ್ತಂತೆ. ಅರ್ಥ ಕೇಳಿದವರಿಗೆ ಮುಂಗೈ ಹಿಡಿದು ತೋರಿಸಿದ್ದಳಂತೆ, ಅಜ್ಜಿಯ ಹುರುಳಿಕಾಯಿಯನ್ನೂ ಹೇಳಿದ್ದಳಂತೆ. ಅವರೆಲ್ಲ ಅದನ್ನು ಹಿಡಿದುಕೊಂಡರು. ಈಗ ಅವಳ ಬಾಸ್ ಕೂಡ ಬೋರ್ಡಿನ ಮುಂದೆ ನಿಂತು, ಇವನಿಗೆ ಕೋಸ್ರು ಇದೆಯಾ ಎಂದು ಕೇಳುತ್ತಾನಂತೆ. ಎಲ್ಲರೂ ಹಾಗೆ ಹೇಳಿ ಹೇಳಿ ತನಗೂ ಹಾಗೇ ಆಗಿಬಿಟ್ಟಿದೆ ಎಂದಳು.

ನನ್ನ ಅಮ್ಮನ ಪದ ಒಂದು ಫುಟ್‌ಬಾಲ್ ತಂಡದ ಕೋಣೆಯಲ್ಲಿ ಓಡಾಡುತ್ತಿದೆ ಎಂದು ಹೆಮ್ಮೆಯಾಗಬೇಕು. ಆಯಿತು ಕೂಡ. ಆದರೆ ಇಷ್ಟು ವರ್ಷ ನಾನು ಟಿವಿಯ ಎದುರು ಒಬ್ಬನೇ ಕೂತು ಹೇಳಿಕೊಳ್ಳುತ್ತಿದ್ದ ಮಾತನ್ನು ಅವಳು ದಿನವೂ ಯಾರ ಯಾರ ಜೊತೆಯಲ್ಲೋ ಆಡುತ್ತಿದ್ದಳು, ನನ್ನೊಬ್ಬನನ್ನು ಬಿಟ್ಟು. ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ. ಅವಳ ಉಚ್ಚಾರವನ್ನು ತಿದ್ದಲು ಬಾಯಿ ತೆರೆದೆ, ನಾಲಿಗೆ ಹೀಗಿಡು ಎಂದು ಹೇಳಲು. ಹೇಳಲಿಲ್ಲ. ತಿದ್ದಿದರೆ ಮತ್ತೆ ಇಂಗ್ಲಿಷಿಗೆ ಹೋಗಿಬಿಡುತ್ತಾಳೆ ಎನ್ನುವ ಹೆದರಿಕೆ.

ಅವಳು ಹೊರಡುವ ದಿನ ಏರ್‌ಪೋರ್ಟಿಗೆ ಕರೆದೊಯ್ಯುವ ಕಾರು ಬಂದು ಡ್ರೈವ್‌ವೇಯಲ್ಲಿ ನಿಂತಿತ್ತು. ಅಮ್ಮನನ್ನು ಅಪ್ಪಿಕೊಂಡು, ಚಟ್ನಿಪುಡಿಯ ಪೊಟ್ಟಣವನ್ನು ಬ್ಯಾಗಿಗೆ ತುರುಕಿಕೊಂಡು, ನನ್ನ ಹತ್ತಿರ ಬಂದಳು. ನಾನು ವಾಕರ್ ಹಿಡಿದು ಮುಂಬಾಗಿಲಲ್ಲಿ ನಿಂತಿದ್ದೆ. ತಮಾಷೆ ಮಾಡಿ ಕಳಿಸೋಣ ಎಂದು, ನಿಜ ಹೇಳು, ನನ್ನನ್ನ ಯಾವ ತಂಡವಾದರೂ ತಗೊಳ್ಳುತ್ತಾ ಎಂದೆ.

ಅವಳು ವಿಡಿಯೋ ನಿಲ್ಲಿಸಿದವಳ ಹಾಗೆ ನನ್ನನ್ನು ನೋಡಿದಳು. ಕಾಲನ್ನಲ್ಲ, ಮುಖವನ್ನು.

"ಸವೆದಿದೀಯ ಅಪ್ಪ" ಎಂದಳು. ದನಿ ಸಣ್ಣಗಾಗಿತ್ತು. ಆಮೇಲೆ, "ಅಪ್ಪ, ನಂಗೆ..." ಎಂದು ಶುರು ಮಾಡಿದಳು.

ಅಲ್ಲಿಗೆ ನಿಂತಿತು. ಮುಂದಿನ ಪದಕ್ಕೆ ಅವಳು ಹುಡುಕುತ್ತಿರುವುದು ನನಗೆ ಕಾಣುತ್ತಿತ್ತು. ಹಿಂದೆ ಸೋಫಾದ ಮೇಲೆ ಹೀಗೆ ತಡವರಿಸಿದರೆ ನಾನು ತಕ್ಷಣ ಪದ ಕೊಡುತ್ತಿದ್ದೆ. ಅವಳು ನೋಡುತ್ತಿರುವುದನ್ನೇ ನಾನೂ ನೋಡುತ್ತಿರುತ್ತಿದ್ದೆ, ಯಾವ ಪದ ಬೇಕು ಎಂದು ಗೊತ್ತಿರುತ್ತಿತ್ತು. ಈಗ ಗೊತ್ತಾಗಲಿಲ್ಲ. ಭಯವೋ, ಬೇಜಾರೋ, ಇನ್ನೇನೋ. ಅಂಥ ಪದ ಯಾವುದನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ. ಅವಳ ಬಾಯಿ ತೆರೆದೇ ಇತ್ತು. ಕಾರಿನವನು ಟ್ರಂಕು ಮುಚ್ಚಿದ.

"ನೆವರ್ ಮೈಂಡ್, ಅಪ್ಪ" ಎಂದು ನನ್ನ ಭುಜ ತಬ್ಬಿ, ಮೆಟ್ಟಿಲು ಇಳಿದು ಹೋದಳು.

ಹೆಂಡತಿ ಒಳಗೆ ಹೋದಳು. ನಾನು ಬಾಗಿಲು ಹಾಕಿ ಹಾಲಿನಲ್ಲಿ ನಡೆಯಲು ಶುರು ಮಾಡಿದೆ, ಅಡುಗೆಮನೆಗೆ, ಅಲ್ಲಿಂದ ವಾಪಸ್ಸು. ಸೋಫಾ ಟೇಬಲ್ಲಿನ ಸಂದಿಯ ಹತ್ತಿರ ಬಂದಾಗ ಅವಳು ಹೇಳಿದ ಹಾಗೆ ಹೊಯ್ದಾಡದೆ ನೇರವಾಗಿ ಹೋದೆ. ಆ ಕಡೆ ಮುಟ್ಟಿದ ಮೇಲೆ ಕೋಸ್ರು ಎಂದು ಹೇಳಿ ನೋಡಿದೆ. ಅವಳ ಹಾಗೆ ಬರಲಿಲ್ಲ. ಇನ್ನೊಂದು ಸಲ ಹೇಳಿದೆ. ಯಾರ ಜೊತೆ ಮಾತಾಡ್ತಿದೀರಿ ಎಂದು ಹೆಂಡತಿ ಒಳಗಿನಿಂದ ಕೇಳಿದಳು.